ಅತ್ತೆಯ ತೊಂಬತ್ತು ಜೀವಿಗಳು

ನನ್ನ ಅತ್ತೆ ಮೂವತ್ತೆಂಟು ವರ್ಷ ಬಟ್ಟೆ ಇಸ್ತ್ರಿ ಮಾಡಿದವರು. ಈ ಬೀದಿಯ ಅರ್ಧ ಜನರ ಕಾಲರು ನೆಟ್ಟಗಾದದ್ದು ಅವರ ಕೈಯಡಿಯಲ್ಲೇ. ಇವತ್ತಿಗೂ ಎದುರು ಬಂದವರ ಮುಖಕ್ಕಿಂತ ಮೊದಲು ಅವರ ಕಣ್ಣು ಹೋಗುವುದು ತೋಳಿನ ಮಡಿಕೆಗೆ. ಅಂಥವರು ಅರವತ್ತು ದಾಟಿದ ಮೇಲೆ ಕಾರ್ಡು ಕೂಡಿಸಲು ಹೊರಟರು ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ.

ಇಸ್ಪೀಟಿನ ಕಾರ್ಡಲ್ಲ ಅವು. ಎಲ್ಲೂ ಇಲ್ಲದ ಒಂದು ಲೋಕದ ಜೀವಿಗಳ ಚಿತ್ರವಿರುವ, ಇಬ್ಬರು ಎದುರುಬದುರು ಕೂತು ಆಡುವ ಕಾರ್ಡುಗಳು. ಅದರಲ್ಲೂ ಅತ್ತೆಗೆ ಬೇಕಾದದ್ದು ಫಾಯಿಲ್ ಇರುವಂಥವು ಮಾತ್ರ. ಚಿತ್ರದ ಮೇಲೆ ಉಸಿರಿನಷ್ಟು ತೆಳುವಾದ ಲೋಹದ ಹೊಳಪು. ಹೀಗೆ ತಿರುಗಿಸಿದರೆ ನವಿಲಿನ ಕತ್ತು, ಹಾಗೆ ತಿರುಗಿಸಿದರೆ ಸೋಪಿನ ಗುಳ್ಳೆ. ಆಟ ಅವರಿಗೆ ಬರುವುದಿಲ್ಲ. ಕಾರ್ಡಿನ ಕೆಳಗೆ ಬರೆದ ಬಲದ ಅಂಕಿಯನ್ನು ಅವರು ಎಂದೂ ಓದಿದ್ದಿಲ್ಲ.

ಶುರುವಾದದ್ದು ಒಂದು ತಪ್ಪಿನಿಂದ. ಏಳು ವರ್ಷದ ಹಿಂದೆ, ಕೆಲಸ ಬಿಡುವುದಕ್ಕೆ ಒಂದು ತಿಂಗಳು ಮುಂಚೆ, ಮೂಲೆಯ ಹಲ್ಲಿನ ಡಾಕ್ಟರ ಬಿಳಿ ಅಂಗಿ ಇಸ್ತ್ರಿಗೆ ಬಂತು. ಅಷ್ಟು ವರ್ಷದಲ್ಲಿ ಜೇಬು ತಡವದೆ ಅತ್ತೆ ಒಂದು ಅಂಗಿಗೂ ಇಸ್ತ್ರಿ ಪೆಟ್ಟಿಗೆ ಇಟ್ಟವರಲ್ಲ. ಅವತ್ತು ಯಾರ ಜೊತೆಗೋ ಮಾತಾಡುತ್ತಾ ಮರೆತರು. ಪೆಟ್ಟಿಗೆ ಇಳಿಯಿತು. ಜೇಬಿನೊಳಗಿಂದ ಹೊರಬಂದದ್ದು ‘ಮೂರು ನೆರಳಿನ ನರಿ’ ಎಂಬ ಫಾಯಿಲ್ ಕಾರ್ಡು. ಅಂಗಿಯ ಗುಂಡಿ ನರಿಯ ಎದೆಯ ಮೇಲೆ ಒತ್ತಿ, ನಾಲ್ಕು ತೂತಿನ ಒಂದು ದುಂಡು ಗುರುತು ಮೂಡಿತ್ತು. ಮೂರು ನೆರಳಿನಲ್ಲಿ ಒಂದು ಹೊಳಪು ಕಳೆದುಕೊಂಡು ಕಪ್ಪಾಗಿತ್ತು.

ಡಾಕ್ಟರು, “ಅಯ್ಯೋ ಬಿಡಿ ಅಮ್ಮ, ಎಸೆದುಬಿಡಿ, ನನ್ನ ಹತ್ರ ಇನ್ನೊಂದಿದೆ,” ಅಂದರಂತೆ. ಅತ್ತೆಗೆ ಎಸೆಯಲಾಗಲಿಲ್ಲ. ನಾನೇ ಬರೆ ಹಾಕಿದ ಜೀವವನ್ನು ನಾನೇ ಕಸದ ಬುಟ್ಟಿಗೆ ಹಾಕುವುದು ಹೇಗೆ ಎಂದು ಮನೆಗೆ ತಂದರು. ಮನೆಗೆ ತಂದ ಮೇಲೆ ಅದು ಒಂಟಿ ಅನ್ನಿಸಿತು. ಅದರ ಬಂಧುಗಳು ಎಷ್ಟು ಜನ ಎಂದು ಕಾರ್ಡಿನ ಅಂಗಡಿಗೆ ಹೋಗಿ ವಿಚಾರಿಸಿದರು. ಆ ಸೆಟ್ಟಿನಲ್ಲಿ ತೊಂಬತ್ತು ಜೀವಿಗಳು ಎಂದು ಅಂಗಡಿಯಾಕೆ ಹೇಳಿದಳು. “ತೊಂಬತ್ತೇ ತಾನೆ,” ಎಂದು ಇವರು ಹೊರಟೇಬಿಟ್ಟರು.

ಆಡುವವರ ಮೇಜಿನ ಪಕ್ಕ ನಿಂತು, “ಕೈಲಾಗದ್ದು ಯಾವುದಾದ್ರೂ ಇದ್ರೆ ನನಗೆ ಕೊಡಿ,” ಎಂದು ಕೇಳುತ್ತಿದ್ದರು. ಬಲವಿಲ್ಲದ ಜೀವಿಗಳು ಮೊದಲ ವರ್ಷದಲ್ಲೇ ಬಂದವು. ಬಲವುಳ್ಳವಕ್ಕೆ ಆರು ವರ್ಷ ಹಿಡಿಯಿತು. ಒಬ್ಬರನ್ನು ಒಂದೇ ಸಲ ಕೇಳುವುದು. ಇಲ್ಲ ಅಂದರೆ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. ಆ ಗತ್ತು ನೋಡಿಯೇ ಎಷ್ಟೋ ಜನ ಮಾರನೆಯ ವಾರ ತಾವಾಗಿ ತಂದುಕೊಟ್ಟರು. ಅಂಗಡಿಯಲ್ಲಿ ಅವರಿಗೆ ‘ಫಾಯಿಲ್ ಅಜ್ಜಿ’ ಎಂದೇ ಹೆಸರಾಯಿತು. ಈ ವರ್ಷದ ಆರಂಭದಲ್ಲಿ ತೊಂಬತ್ತನೆಯದು, ನಿದ್ದೆಗಣ್ಣಿನ ಡ್ರ್ಯಾಗನ್, ಆಲ್ಬಮ್ಮಿನಲ್ಲಿ ತನ್ನ ಜೇಬಿಗೆ ಬಂದು ಕೂತಿತು.

ಬೆಳಗ್ಗೆ ಸ್ನಾನ ಮುಗಿಸಿ, ಕಣ್ಣು ಮುಚ್ಚಿ ದೇವರನ್ನು ನೆನೆದು, ಆಮೇಲೆ ಅತ್ತೆ ಆಲ್ಬಂ ತೆರೆಯುವುದು. ಒಂದೊಂದೇ ಕಾರ್ಡನ್ನು ಹೊರಗೆ ತೆಗೆದು, ಕನ್ನಡಕಕ್ಕೆ ಊದಿದಂತೆ “ಹಾ” ಎಂದು ಉಸಿರೂದಿ, ಹಳೆಯ ಮೆತ್ತನೆಯ ಬಟ್ಟೆಯಿಂದ ಮುಖ, ಬೆನ್ನು ಎರಡೂ ಒರೆಸಿ, ಹೆಸರು ಹಿಡಿದು ಕರೆದು, “ಚೆನ್ನಾಗಿದ್ದೀಯಾ?” ಎಂದು ಕೇಳಿ ಒಳಗಿಡುವರು. ಒಮ್ಮೆ ನಾನು ನಕ್ಕಿದ್ದಕ್ಕೆ ಹೇಳಿದರು, “ನೋಡು, ಇವೆಲ್ಲ ದೇವರ ಮನಸ್ಸಿಗೆ ಬಂದು ಭೂಮಿಗೆ ಇಳಿಸೋಕೆ ಮರೆತುಹೋದ ಜೀವಗಳು. ಯಾರಾದ್ರೂ ಒಬ್ಬರು ವಿಚಾರಿಸಬೇಕಲ್ಲ.” ಅದಾದ ಮೇಲೆ ನಾನು ನಗಲಿಲ್ಲ. ಪ್ರಾರ್ಥನೆ ಎಂದರೆ ಬೇರೆಯವರ ಕ್ಷೇಮ ಕೇಳುವುದೇ ಆದರೆ, ನಮ್ಮ ಮನೆಯಲ್ಲಿ ದಿನಕ್ಕೆ ತೊಂಬತ್ತು ಪ್ರಾರ್ಥನೆ ನಡೆಯುತ್ತಿತ್ತು.

ಆ ಕಾರ್ಡಿನ ಅಂಗಡಿಯ ಬೀದಿ ಬದಿಗೆ ಒಂದು ಗಾಜಿನ ಪೆಟ್ಟಿಗೆಯಿದೆ. ವರ್ಷಕ್ಕೊಂದು ಸಲ, ಪೂರ್ತಿ ಸೆಟ್ಟು ಕೂಡಿಸಿದ ಒಬ್ಬರ ಕಾರ್ಡುಗಳನ್ನು ಅದರೊಳಗೆ ಒಂದು ತಿಂಗಳು ಇಡುತ್ತಾರೆ. ಮುಂದಿನ ವರ್ಷಕ್ಕೆ ಕಂಪನಿಯ ಹೊಸ ಸೆಟ್ಟು ಬರುವುದರಿಂದ ಈ ತೊಂಬತ್ತಕ್ಕೆ ಇದೇ ಕೊನೆಯ ಸಲ ಎಂದು ಅಂಗಡಿಯಾಕೆ ಹೇಳಿದ್ದಳು. ಅತ್ತೆ ಅದನ್ನು ಮನೆಯಲ್ಲಿ ಹೇಳಿದ ರೀತಿಯಲ್ಲೇ ಅವರಿಗೆ ಆಸೆಯಿದೆ ಎಂದು ನನಗೆ ಗೊತ್ತಾಯಿತು. ಬಟ್ಟೆ ಮಡಿಸುತ್ತಾ, ನಮ್ಮ ಕಡೆ ನೋಡದೆ, “ಇಟ್ಟರೆ ಇಡಲಿ, ಬಿಟ್ಟರೆ ಬಿಡಲಿ,” ಅಂದರು. ಜೀವನದಲ್ಲಿ ಅವರು ತಮಗಾಗಿ ಬಯಸಿದ್ದು ನಾನು ಕಂಡದ್ದು ಅದೊಂದೇ.

ಗೋಡೆಯ ಮೇಲೆ ಅಂಟಿಸಿದ ನಿಯಮಗಳು ಮೂರು. ಸೆಟ್ಟು ಪೂರ್ತಿಯಿರಬೇಕು. ಎಲ್ಲವೂ ಅಸಲಿಯಾಗಿರಬೇಕು. ಪ್ರತಿ ಕಾರ್ಡು ಗಾಜಿನ ಮೇಲೆ ಮಟ್ಟವಾಗಿ ಮಲಗಬೇಕು, ಮೂಲೆ ಮುಟ್ಟಿದರೆ ಅಲುಗಬಾರದು. ಆಟದಲ್ಲಿ ಬಾಗಿದ ಕಾರ್ಡು ಕಟ್ಟಿನ ನಡುವೆ ಎಲ್ಲಿದೆ ಎಂದು ಬೆರಳಿಗೆ ತಿಳಿದುಬಿಡುತ್ತದೆ, ಅದು ಮೋಸಕ್ಕೆ ದಾರಿ. ಅದಕ್ಕೇ ಅಲ್ಲಿ ಬಾಗಿದ್ದಕ್ಕೆ ಮರ್ಯಾದೆಯಿಲ್ಲ.

ಮನೆಯ ಗಾಜಿನ ಮೇಜಿನ ಮೇಲೆ ನಾನು ಒಂದು ಕಾರ್ಡಿಟ್ಟು ಮೂಲೆ ಮುಟ್ಟಿದೆ. ತೂಗಿತು. ಇನ್ನೊಂದಿಟ್ಟೆ. ಅದೂ ತೂಗಿತು.

“ಅತ್ತೆ, ಇವೆಲ್ಲ ತೊಟ್ಟಿಲಾಗಿವೆ.”

“ಮಲಗಿಸಿದ್ರೆ ತೂಗ್ತವೆ, ಒಳ್ಳೇದೇ ಆಯ್ತಲ್ಲ.”

“ಅಂಗಡಿಯಲ್ಲಿ ತಗೊಳಲ್ಲ.”

ಅತ್ತೆಯ ಕಣ್ಣು ಮೂಲೆಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯ ಕಡೆ ಒಮ್ಮೆ ಹೋಗಿ, ಅಲ್ಲಿಂದ ನರಿಯ ಕಡೆ ಹೊರಳಿ, ಹಿಂದೆ ಬಂತು. “ಅದು ಈ ಕೆಲಸಕ್ಕಾಗಲ್ಲ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು,” ಅಂದರು.

ನನ್ನ ಕಸುಬು ಪುಸ್ತಕದ ಬೈಂಡಿಂಗ್. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ರಟ್ಟು, ದಾರ, ಅಂಟು, ಪುಸ್ತಕ ಅದುಮಲು ಅಪ್ಪ ಕೊಟ್ಟ ಕಬ್ಬಿಣದ ಪ್ರೆಸ್ಸು. ಒಂದು ಬದಿಗೆ ಮಾತ್ರ ಏನನ್ನಾದರೂ ಅಂಟಿಸಿದ ರಟ್ಟು ಹೇಗೆ ಬಾಗುತ್ತದೆ ಎನ್ನುವುದು ನನ್ನ ದಿನನಿತ್ಯದ ಜಗಳ. ಹಾಗಾಗಿ ಕಾರ್ಡುಗಳಿಗೆ ಏನಾಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಅದನ್ನು ಹೇಳುವುದು ಹೇಗೆಂದು ಮಾತ್ರ ಎರಡು ದಿನ ತಿಳಿಯಲಿಲ್ಲ. ಮೂರನೆಯ ದಿನ ಬೆಳಗ್ಗೆ, ಅವರು ಮೊದಲ ಕಾರ್ಡಿಗೆ ಊದಲು ಬಾಯಿ ತೆರೆದಾಗ, ಕೈ ಹಿಡಿದೆ.

“ಕಾಗದ ನೀರು ಕುಡಿಯುತ್ತೆ ಅತ್ತೆ. ಫಾಯಿಲ್ ಕುಡಿಯಲ್ಲ. ಉಸಿರಿನಲ್ಲಿರೋ ತೇವ ಕುಡಿದು ಬೆನ್ನು ಹಿಗ್ಗುತ್ತೆ, ಮುಖ ಹಿಗ್ಗಲ್ಲ. ಆಗ ಬಾಗುತ್ತೆ.”

ಅವರು ಕಾರ್ಡನ್ನು ಕೆಳಗಿಟ್ಟರು. “ಅಂದ್ರೆ ನಾನೇ.”

“ಹೂಂ.”

“ಏಳು ವರ್ಷ.”

“ಹೂಂ.”

ಸುಮಾರು ಹೊತ್ತು ಆ ಬಟ್ಟೆಯ ತುಂಡನ್ನು ಮಡಿಸುತ್ತಾ ಬಿಚ್ಚುತ್ತಾ ಕೂತರು. ಆಮೇಲೆ ತಲೆಯೆತ್ತಿ, “ಕುಡಿದದ್ದು ಉಸಿರು ತಾನೆ, ವಿಷವೇನಲ್ಲವಲ್ಲ?” ಎಂದು ಕೇಳಿದರು.

“ಅಲ್ಲ.”

“ಹಾಗಾದ್ರೆ ಇಳಿಸು. ನಿನ್ನ ಕೈಯಲ್ಲಾಗುತ್ತೆ.”

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ನಾನು ಕಟ್ಟಿದ ಪುಸ್ತಕವನ್ನು ಅವರು ಕೈಗೆತ್ತಿಕೊಂಡು ನೋಡಿದ್ದರೂ ಅದರ ಬಗ್ಗೆ ಒಂದು ಮಾತು ಆಡಿದ್ದಿಲ್ಲ. ಆ ಒಂದು ಮಾತಿಗೆ ನನ್ನ ಕಾಲು ಎರಡು ದಿನ ನೆಲಕ್ಕೆ ತಾಗಲಿಲ್ಲ.

ತೇವ ಹೀರುವ ಒಣ ಬ್ಲಾಟಿಂಗ್ ಕಾಗದದ ನಡುವೆ ಒಂದೊಂದು ಕಾರ್ಡು, ಮೇಲೆ ಕೆಳಗೆ ನಯವಾದ ಹಲಗೆ, ಪ್ರೆಸ್ಸಿನ ಚಕ್ರವನ್ನು ಮೆಲ್ಲಗೆ ಅರ್ಧ ಸುತ್ತು ಮಾತ್ರ ತಿರುಗಿಸುವುದು. ಆತುರಪಟ್ಟು ಬಿಗಿದರೆ ಹೊಳಪಿಗೆ ಗೆರೆ ಬೀಳುತ್ತದೆ. ಮೂರು ದಿನಕ್ಕೊಮ್ಮೆ ಬ್ಲಾಟಿಂಗ್ ಬದಲಿಸಬೇಕು. ಇಪ್ಪತ್ತೊಂದು ದಿನ ಬೇಕು ಎಂದೆ. ಅಂಗಡಿಯಲ್ಲಿ ಪರೀಕ್ಷೆ ಇಪ್ಪತ್ತೆರಡನೆಯ ದಿನ. ಎಂಬತ್ತೊಂಬತ್ತು ಕಾರ್ಡುಗಳನ್ನು ಜೋಡಿಸಿ ನರಿಯನ್ನು ಕೈಗೆತ್ತಿಕೊಂಡು ಗಾಜಿನ ಮೇಲಿಟ್ಟು ನೋಡಿದವಳು, ಅತ್ತೆಯ ಕೈಗೇ ಕೊಟ್ಟೆ. “ಇವನಿಗೆ ಬೇಡ. ಇವನು ನಿಮ್ಮ ಜೊತೆಗಿರಲಿ.” ಅವರು ಯಾಕೆಂದು ಕೇಳಲಿಲ್ಲ. ಜೊತೆಗೊಬ್ಬ ಸಿಕ್ಕಿದನಲ್ಲ ಎಂದು ಕೈಚೀಲಕ್ಕೆ ಹಾಕಿಕೊಂಡರು.

ಆ ಇಪ್ಪತ್ತೊಂದು ದಿನ ಅತ್ತೆ ಬೆಳಗ್ಗೆ ಬಂದು ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದರು. ಮುಟ್ಟುತ್ತಿರಲಿಲ್ಲ. ಹೆಸರುಗಳನ್ನು ನೆನಪಿನಿಂದ ಒಂದೊಂದಾಗಿ ಹೇಳುವರು: ಕಲ್ಲುಬೆನ್ನಿನ ಆಮೆ, ಗಾಜುರೆಕ್ಕೆಯ ಹದ್ದು, ಉಪ್ಪಿನ ಕೊಂಬಿನ ಜಿಂಕೆ. ಪುಸ್ತಕ ಹೊಲಿಯುತ್ತಾ ಕೂತ ನನಗೂ ಅದು ಬಾಯಿಪಾಠವಾಯಿತು. ಒಂಬತ್ತನೆಯ ದಿನ ಅರವತ್ತೊಂದರ ಬಳಿ ನಿಂತುಬಿಟ್ಟರು.

“ಅರವತ್ತೊಂದು ಯಾರು?”

“ನೆನಪಿಲ್ಲ ಅತ್ತೆ. ನಾಳೆ ಹೇಗೂ ಬ್ಲಾಟಿಂಗ್ ಬದಲಿಸ್ಬೇಕು, ಆಗ ನೋಡಿ ಹೇಳ್ತೀನಿ.”

“ನೋಡಿ ಹೇಳೋದಾದ್ರೆ ಯಾರಾದ್ರೂ ಹೇಳ್ತಾರೆ. ಮನೆಯವರ ಹೆಸರು ಮರೆತವಳು ಎಂಥವಳು ನಾನು.” ಹೀಗೆಂದು ಒಳಗೆ ಹೋದರು. ನಾನು ಎರಡು ಪುಸ್ತಕ ಹೊಲಿದು ಮುಗಿಸಿ ಮೂರನೆಯದಕ್ಕೆ ಸೂಜಿಗೆ ದಾರ ಪೋಣಿಸುವಾಗ, ಅಡುಗೆಮನೆಯಿಂದ ಪಾತ್ರೆಯ ಸದ್ದಿನ ನಡುವೆ ನೆಮ್ಮದಿಯ ದನಿ ಬಂತು: “ಪಾಚಿಕಿವಿಯ ಮೊಲ. ಚೆನ್ನಾಗಿದ್ದೀಯಾ?”

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಊರಿನ ಎಲ್ಲ ಮಹಡಿ ಕಟ್ಟಡಗಳಲ್ಲೂ ಅವರಿಗೆ ಪರಿಚಯ. ಎಲ್ಲಿಂದಲೋ ಹುಡುಕಿ ಒಂದು ಹೊಸ ಮೂರು ನೆರಳಿನ ನರಿಯನ್ನು ತಂದು ಅಮ್ಮನ ಮುಂದೆ ಹಿಡಿದರು. ಗಾಯವಿಲ್ಲ, ಮಾಸಿಲ್ಲ, ಮೂರು ನೆರಳೂ ಮಿರಿಮಿರಿ ಮಿಂಚುತ್ತಿದ್ದವು.

ಅತ್ತೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಲಕ್ಷಣವಾಗಿದ್ದಾನೆ. ಯಾರ ಮನೆಯವನು?”

“ಅಮ್ಮ, ಆ ಸುಟ್ಟಿದ್ದರ ಬದಲಿಗೆ ಇದನ್ನ ಇಡು ಅಂತ ತಂದೆ. ಸುಟ್ಟಿದ್ದನ್ನ ಅವರು ತಗೊಳ್ಳದೆ ಹೋದ್ರೆ ಎಂಬತ್ತೊಂಬತ್ತೂ ವಾಪಸ್ಸು ಬರುತ್ತೆ.”

“ನಿನಗೆ ಚಿಕ್ಕೋನಿದ್ದಾಗ ಹಣೆಗೆ ಪೆಟ್ಟು ಬಿದ್ದು ಗಾಯದ ಗುರುತು ಉಳೀತಲ್ಲ. ಆಗ ನಾನು ಬದಲಿಗೆ ಇನ್ನೊಬ್ಬನನ್ನ ತಂದ್ನಾ?”

“ತಂದಿದ್ರೆ ನಿನ್ನ ಸೊಸೆಗೆ ಒಳ್ಳೇದಾಗ್ತಿತ್ತು,” ಎಂದು ಗಂಡ ನನ್ನ ಕಡೆ ನೋಡಿದರು. ನಾನು ಸೂಜಿಯಿಂದ ತಲೆ ಎತ್ತಲಿಲ್ಲ. ಹೊಸ ನರಿ ಆಲ್ಬಮ್ಮಿನ ಕೊನೆಯ ಖಾಲಿ ಹಾಳೆಯಲ್ಲಿ ಅತಿಥಿಯಂತೆ ಕೂತಿತು.

ಇಪ್ಪತ್ತೆರಡನೆಯ ದಿನ ಮೂವರೂ ಹೋದೆವು. ಅತ್ತೆ ತಾವೇ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು. ಒಂದು ನೆರಿಗೆಯೂ ಇನ್ನೊಂದರ ದಾರಿಗೆ ಅಡ್ಡ ಬರುತ್ತಿರಲಿಲ್ಲ. ಆಡುವವರು ಆಟ ನಿಲ್ಲಿಸಿ ಸುತ್ತ ಬಂದು ನಿಂತರು. ಹಲ್ಲಿನ ಡಾಕ್ಟರೂ ಅವರ ನಡುವೆ ಇದ್ದರು. ಅಂಗಡಿಯಾಕೆ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿ, ಗಾಜಿನ ಹಲಗೆಯ ಮೇಲೆ ಒಂದೊಂದೇ ಕಾರ್ಡಿಟ್ಟು, ಮೂಲೆಯನ್ನು ಬೆರಳ ತುದಿಯಿಂದ ಮುಟ್ಟತೊಡಗಿದಳು. ಒಂದು. ಎರಡು. ಹತ್ತು. ಯಾವುದೂ ಅಲುಗಲಿಲ್ಲ. ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು.

ಮೂವತ್ತನಾಲ್ಕನೆಯದು ಮಂಜಿನ ಮೀನು. ಅಂಗಡಿಯಾಕೆ ಅದನ್ನು ಎತ್ತಿಕೊಳ್ಳುವ ಮೊದಲೇ ಅತ್ತೆ ಕೈಗೆತ್ತಿಕೊಂಡರು. “ಇಲ್ಲೊಂದು ಧೂಳಿನ ಚುಕ್ಕೆ,” ಎನ್ನುತ್ತಾ, ಏಳು ವರ್ಷದ ಅಭ್ಯಾಸ ಒಂದು ಕ್ಷಣಕ್ಕೆ ಎಲ್ಲವನ್ನೂ ಮರೆಸಿ, ಮುಖಕ್ಕೊಮ್ಮೆ ಬೆನ್ನಿಗೊಮ್ಮೆ, “ಹಾ.”

ಗಾಜಿನ ಮೇಲಿಟ್ಟ ಮೀನು ನಾವು ನೋಡುತ್ತಿದ್ದಂತೆಯೇ ತನ್ನ ಎರಡೂ ತುದಿಗಳನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿತು.

ಅತ್ತೆ ನಾಲಿಗೆ ಕಚ್ಚಿಕೊಂಡು ನನ್ನನ್ನು ನೋಡಿದರು. ಆ ನೋಟವನ್ನು ನಾನು ಮರೆಯಲಾರೆ. ಪಾಠ ತಪ್ಪಿದ ಹುಡುಗಿಯ ನೋಟ. ನಾನು ಚೀಲದಿಂದ ಎರಡು ಒಣ ಬ್ಲಾಟಿಂಗ್ ಹಾಳೆ, ಎರಡು ಸಣ್ಣ ಹಲಗೆ ತೆಗೆದೆ. ಕಸುಬಿನವಳ ಚೀಲದಲ್ಲಿ ಅದಿಲ್ಲದೆ ಇರುತ್ತದೆಯೇ. ಮೀನನ್ನು ನಡುವೆ ಮಲಗಿಸಿ, ಮೇಲೆ ಏನಿಡುವುದೆಂದು ಸುತ್ತ ನೋಡಿದೆ.

“ಇಟ್ಟಿಗೆ ಬೇಕಾ?” ಎಂದು ಗಂಡ ಕೇಳಿದರು.

“ನಿಮ್ಮ ಪಾನಾ ಚೀಲ ಕೊಡಿ.”

ಲಿಫ್ಟಿನ ನಟ್ಟು ಬಿಗಿಯುವ ಕಬ್ಬಿಣದ ಪಾನಾಗಳೆಲ್ಲ ಮಂಜಿನ ಮೀನಿನ ಮೇಲೆ ಕೂತವು. “ಎಷ್ಟು ಹೊತ್ತು?” ಅಂದಳು ಅಂಗಡಿಯಾಕೆ.

“ಈಗಷ್ಟೇ ಕುಡಿದಿದೆ, ಬೇಗ ಬಿಡುತ್ತೆ. ಉಳಿದವು ಮುಗಿಯೋವರೆಗೆ ಬಿಡಿ.”

“ಬಿಡೋಣ. ನನಗೇನೂ ರೈಲು ಹಿಡಿಯೋದಿಲ್ಲ.” ಅವಳು ಸ್ಟೂಲು ಎಳೆದು ಅತ್ತೆಯ ಕಡೆ ತಳ್ಳಿದಳು. “ಫಾಯಿಲ್ ಅಜ್ಜಿ, ನೀವು ಕೂತ್ಕೊಳ್ಳಿ. ಕೈ ಮಡಿಲಲ್ಲಿ ಇಟ್ಕೊಳ್ಳಿ. ಉಸಿರು ಆ ಕಡೆ ಬಿಡಿ.”

ಎಲ್ಲರೂ ನಕ್ಕರು. ಅತ್ತೆಯೂ ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ಮೂವತ್ತೈದರಿಂದ ಎಣಿಕೆ ಮತ್ತೆ ಶುರುವಾಯಿತು. ಎಂಬತ್ತೊಂಬತ್ತನೆಯದೂ ಮುಗಿದ ಮೇಲೆ ಮೀನನ್ನು ತೆಗೆದು ಗಾಜಿನ ಮೇಲಿಟ್ಟಳು. ಒಂದು ಮೂಲೆ ಮುಟ್ಟಿದಳು. ಎದುರಿನ ಮೂಲೆ ಮುಟ್ಟಿದಳು. ಮೀನು ಕೊಳದ ತಳದಲ್ಲಿ ನಿದ್ದೆ ಹೋದಂತೆ ಮಲಗಿತ್ತು.

ಉಳಿದದ್ದು ಒಂದು. ಅತ್ತೆ ಕೈಚೀಲದಿಂದ ನರಿಯನ್ನು ತೆಗೆದು ಗಾಜಿನ ಮೇಲಿಟ್ಟರು. ಗುಂಡಿಯ ಗುರುತು ಎಲ್ಲರ ಕಣ್ಣಿಗೂ ಬಿತ್ತು. ಅಂಗಡಿಯಾಕೆಯ ಬೆರಳು ಗಾಳಿಯಲ್ಲೇ ನಿಂತಿತು.

“ಅಜ್ಜಿ, ಆಲ್ಬಮ್ಮಿನಲ್ಲಿ ಇದೇ ಇನ್ನೊಂದು ಚೆನ್ನಾಗಿರೋದು ಇದೆಯಲ್ಲ. ಅದನ್ನೇ ಇಡೋಣ್ವಾ?”

“ಅವನು ಅತಿಥಿ. ಈ ಎಂಬತ್ತೊಂಬತ್ತೂ ಬಂದದ್ದು ಇವನಿಗಾಗಿ. ಇವನನ್ನ ಮನೇಲಿ ಬಿಟ್ಟು ಇವರನ್ನೆಲ್ಲ ಗಾಜಿನೊಳಗೆ ಕೂರಿಸಿದ್ರೆ ನನ್ನ ಮುಖ ನಾನೇ ನೋಡ್ಕೊಳ್ಳೋಕಾಗಲ್ಲ. ಬೇಡ ಅಂದ್ರೆ ಹೇಳು, ಎಲ್ಲರೂ ಒಟ್ಟಿಗೆ ವಾಪಸ್ ಹೋಗ್ತೀವಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಆಲ್ಬಂ ಎತ್ತಿಕೊಳ್ಳಲು ಕೈ ಮಾತ್ರ ಸಿದ್ಧವಾಗಿತ್ತು.

ನಾನು ಗೋಡೆಯ ಕಡೆ ತೋರಿಸಿದೆ. “ನಿಮ್ಮ ನಿಯಮ ಒಂದ್ಸಲ ಓದಿ.”

ಅಂಗಡಿಯಾಕೆ ತನ್ನದೇ ಬರಹವನ್ನು ಹೊಸದೆಂಬಂತೆ ಓದಿದಳು. ಪೂರ್ತಿ. ಅಸಲಿ. ಮಟ್ಟ. ಗಾಯದ ಬಗ್ಗೆ ಅಲ್ಲಿ ಒಂದಕ್ಷರವೂ ಇರಲಿಲ್ಲ.

“ಸರಿ,” ಎಂದು ಮೂಲೆ ಮುಟ್ಟಿದಳು. ನರಿ ಅಲುಗಲಿಲ್ಲ. ಇನ್ನೊಂದು ಮೂಲೆ. ಇಲ್ಲ. ಸ್ವಲ್ಪ ಒತ್ತಿಯೇ ನೋಡಿದಳು. ಗಾಜಿಗೆ ಬರೆದ ಚಿತ್ರದ ಹಾಗೆ ಕೂತಿತ್ತು. “ಇದು ಎಲ್ಲಕ್ಕಿಂತ ಮಟ್ಟವಾಗಿದೆಯಲ್ಲ. ಇದನ್ನೂ ಪ್ರೆಸ್ಸಿಗೆ ಹಾಕಿದ್ರಾ?”

“ಇಲ್ಲ,” ಎಂದೆ. “ಇಸ್ತ್ರಿ ಶಾಖಕ್ಕೆ ಫಾಯಿಲ್ ಎಲ್ಲ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರುಕು ಬಿಟ್ಟಿದೆ. ಕಾಗದವನ್ನ ಹಿಡಿದು ಎಳೆಯೋ ಶಕ್ತಿ ಅದಕ್ಕಿಲ್ಲ. ಅತ್ತೆ ಏಳು ವರ್ಷ ಊದಿದ್ರೂ ಬಾಗದೆ ಇದ್ದದ್ದು ಇದೊಂದೇ.”

ಅತ್ತೆ ನನ್ನ ಕಡೆ ತಿರುಗಿದರು. ಅವರಿಗೂ ಅದು ಹೊಸ ಸುದ್ದಿ. ತಾವೇ ಬರೆ ಹಾಕಿದೆವೆಂದು ಏಳು ವರ್ಷ ನೊಂದವರ ಮುಖ ಸಾವಕಾಶವಾಗಿ ಅರಳಿದ್ದನ್ನು ನಾನು ನೋಡಿದೆ.

ಹಲ್ಲಿನ ಡಾಕ್ಟರು ಜನರ ನಡುವಿನಿಂದ ಬಗ್ಗಿ ನೋಡುತ್ತಿದ್ದರು. “ಅಮ್ಮ, ಆ ಗುಂಡಿ ನನ್ನ ಅಂಗೀದಲ್ವಾ?”

“ಗುಂಡಿ ನಿಮ್ಮದು ಡಾಕ್ಟ್ರೇ. ನರಿ ನಂದು.”

ತೊಂಬತ್ತೂ ಗಾಜಿನ ಪೆಟ್ಟಿಗೆಯೊಳಗೆ ಹೋದವು. ಅಂಗಡಿಯಾಕೆ ಚೀಟಿ, ಪೆನ್ನು ಹಿಡಿದು, ಯಾರ ಸಂಗ್ರಹ ಎಂದು ಬರೆಯಲಿ ಎಂದು ಕೇಳಿದಳು.

“ಕೂಡಿಸಿದ್ದು ಇಸ್ತ್ರಿಯವಳು. ಮಟ್ಟ ಮಾಡಿದ್ದು ಅವಳ ಸೊಸೆ, ಬೈಂಡಿಂಗಿನವಳು. ಎರಡೂ ಒಂದೇ ಅಳತೆ ಅಕ್ಷರದಲ್ಲಿ ಬರಿ,” ಅಂದರು ಅತ್ತೆ.

“ನಾನು?” ಅಂದರು ಗಂಡ.

“ನಿನ್ನ ಪಾನಾ ಚೀಲ ವಾಪಸ್ ತಗೋ. ಮರೆತು ಹೋದೀಯ.”

ಮಾರನೆಯ ದಿನ ಬೆಳಗ್ಗೆ ಸ್ನಾನ, ಪ್ರಾರ್ಥನೆ ಮುಗಿದ ಮೇಲೆ ಅತ್ತೆ ಮನೆಯಲ್ಲಿ ಕಾಣಲಿಲ್ಲ. ನನಗೆ ಗೊತ್ತಿತ್ತು. ರಟ್ಟು ತರುವ ನೆಪ ಮಾಡಿಕೊಂಡು ಆ ಬೀದಿಗೆ ಹೋದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಎಳೆಬಿಸಿಲು ಗಾಜಿನ ಮೇಲೆ ಬಿದ್ದು ತೊಂಬತ್ತು ಜೀವಿಗಳೂ ಒಟ್ಟಿಗೆ ಬಣ್ಣ ಬದಲಿಸುತ್ತಿದ್ದವು. ಅತ್ತೆ ಹೊರಗೆ ನಿಂತು ಹೆಸರು ಹಿಡಿದು ಒಂದೊಂದನ್ನೇ ವಿಚಾರಿಸುತ್ತಿದ್ದರು. ಪ್ರತಿ ಹೆಸರಿಗೂ ಗಾಜಿನ ಮೇಲೆ ಉಸಿರಿನ ಒಂದು ಮಂಜು ಮೂಡುತ್ತಿತ್ತು, ಅವರು ಕೈಬಟ್ಟೆಯಿಂದ ಒರೆಸುತ್ತಿದ್ದರು.

ನನ್ನನ್ನು ಕಂಡು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಚೀಟಿ ಓದಿ, “ಯಾರಮ್ಮ ಈ ಬೈಂಡಿಂಗಿನವಳು?” ಎಂದು ಕೇಳಿದರು. ಅತ್ತೆ ಗಾಜಿನಿಂದ ಕಣ್ಣು ತೆಗೆಯದೆ, ನನ್ನ ತೋಳಿನ ಸುಕ್ಕನ್ನು ಅಂಗೈಯಿಂದ ಒಮ್ಮೆ ನೇವರಿಸಿ ನೆಟ್ಟಗೆ ಮಾಡಿ, “ಇವಳೇ. ನಮ್ಮವಳು,” ಅಂದರು. ಆಮೇಲೆ ನಿಲ್ಲಿಸಿದಲ್ಲಿಂದ ಮುಂದುವರಿಸಿದರು. ಅರವತ್ತೊಂದು, ಪಾಚಿಕಿವಿಯ ಮೊಲ.